ಅಟ್ಟದ ಮೇಲಿನ ತಂಬೂರಿ, ಮಿರಜದ ಒಂದು ಮಧ್ಯಾಹ್ನ



ನಮ್ಮ ಜತ್ತ ಭಾಗದ ಕನ್ನಡಿಗರಿಗೆ ಮಿರಜ ಅಂದರೆ ದವಾಖಾನೆ. ಮನೆಯಲ್ಲಿ ಯಾರಾದರೂ "ಮಿರಜಕ್ಕ ಹೊಂಟೇವಿ" ಅಂದರೆ ಮುಂದಿನ ಪ್ರಶ್ನೆ "ಯಾರಿಗೆ ಆರಾಮಿಲ್ಲ?" ಎಂದೇ. ಇದಕ್ಕೆ ಒಂದು ಇತಿಹಾಸವೂ ಇದೆ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದರು. ಅಂದಿನಿಂದ ಅಥಣಿ, ಜತ್ತ, ವಿಜಯಪುರದ ಕಡೆಯ ರೋಗಿಗಳು ಗಾಡಿ ಕಟ್ಟಿಕೊಂಡು, ಆಮೇಲೆ ರೈಲು ಬಸ್ಸು ಹತ್ತಿಕೊಂಡು ಆ ಊರಿಗೆ ಹೋಗುತ್ತಲೇ ಇದ್ದಾರೆ.

ಕಳೆದ ತಿಂಗಳು ನಮ್ಮ ಯುವಕೂಟದ ಆರು ಜನ ಮಿರಜಕ್ಕೆ ಹೋದದ್ದೂ ಒಬ್ಬ ರೋಗಿಯನ್ನು ಕರೆದುಕೊಂಡೇ. ಆ ರೋಗಿಯನ್ನು ಹಳೆಯ ಕೌದಿಯಲ್ಲಿ ಸುತ್ತಿ, ಎಸ್.ಟಿ. ಬಸ್ಸಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಹೋದೆವು. ಕಂಡಕ್ಟರ್ ಎರಡು ಸಲ ಬಂದು ನೋಡಿ, "ಇದಕ್ಕ ಟಿಕೀಟ ತಗೀಲ್ಯೋ ಬ್ಯಾಡೋ?" ಎಂದು ನಕ್ಕ. ಅದು ನಮ್ಮ ಚರ್ಚಿನ ತಂಬೂರಿ.

ಅಟ್ಟಕ್ಕೆ ಏರಿಸಿದವರು ನಾವೇ

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಈ ತಂಬೂರಿ ತನ್ನಷ್ಟಕ್ಕೆ ತಾನೇ ಅಟ್ಟ ಹತ್ತಲಿಲ್ಲ. ಎಂಟು ವರ್ಷದ ಹಿಂದೆ ಹೊಸ ಕೀಬೋರ್ಡ್ ಬಂದಾಗ ಗಾಯನ ವೃಂದದ ಮೂಲೆಯಲ್ಲಿ ಜಾಗ ಸಾಲಲಿಲ್ಲ. ಆಗ ಹೈಸ್ಕೂಲಿನಲ್ಲಿದ್ದ ನಾವೇ ಅದನ್ನು ಎತ್ತಿ, ಪೂಜಾವಸ್ತ್ರಗಳ ಕೋಣೆಯ ಮೇಲಿನ ಅಟ್ಟದಲ್ಲಿ, ಕ್ರಿಸ್ಮಸ್ ಗೋದಲಿಯ ಸಾಮಾನಿನ ಪಕ್ಕ ಇಟ್ಟೆವು. ಪ್ರತಿ ವರ್ಷ ಕುರಿಗಳನ್ನೂ ಒಂಟೆಗಳನ್ನೂ ಕೆಳಗಿಳಿಸಿದೆವು, ತಂಬೂರಿಯನ್ನು ಇಳಿಸಲಿಲ್ಲ. ಈ ಸಲ ಅಟ್ಟ ಸ್ವಚ್ಛ ಮಾಡುವಾಗ ನೋಡಿದರೆ ಬುರುಡೆ ಒಂದು ಗೇಣು ಸೀಳಿತ್ತು, ಎರಡು ತಂತಿ ಹರಿದಿದ್ದವು, ಒಂದು ಬಿರಡೆ ಕಾಣೆಯಾಗಿತ್ತು.

ಅದನ್ನು ತಂದವರು ನಮ್ಮ ಧರ್ಮಕೇಂದ್ರದ ಹಳೆಯ ಉಪದೇಶಿಗಳು. ನಮ್ಮಲ್ಲಿ ಬಹುತೇಕರು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇವೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನಾ ವಿಧಿಯ ಬಗ್ಗೆ ಹೊರಡಿಸಿದ ಸಂವಿಧಾನದಲ್ಲಿ, ಆಯಾ ನಾಡಿನ ಸಂಗೀತ ಪರಂಪರೆಗೆ ತಕ್ಕ ಗೌರವ ಕೊಡಬೇಕು, ಪೂಜೆಗೆ ಒಗ್ಗುವ ಇತರ ವಾದ್ಯಗಳನ್ನೂ ಅನುಮತಿ ಪಡೆದು ಬಳಸಬಹುದು ಎಂದು ಹೇಳಿತು. ಲ್ಯಾಟಿನ್ ಹಾಡುಗಳ ಜಾಗಕ್ಕೆ ನಮ್ಮ ಭಾಷೆಯ ಹಾಡು, ಭಜನೆ, ತಬಲಾ ಬಂದದ್ದು ಆ ಬಾಗಿಲಿನಿಂದ. ನಮ್ಮ ಉಪದೇಶಿಗಳು ಮಿರಜಕ್ಕೆ ಹೋಗಿ ತಂಬೂರಿ ತಂದದ್ದೂ ಆ ಕಾಲದ ಹುರುಪಿನಲ್ಲೇ. "ಬಸ್ಸಿನ್ಯಾಗ ಕೂಸಿನಗತೆ ತೊಡಿ ಮ್ಯಾಲ ಇಟಗೊಂಡ ತಂದಿದ್ರು" ಎಂದು ಅವರ ಹೆಂಡತಿ, ನಾವೆಲ್ಲ ಅಜ್ಜಿ ಎಂದು ಕರೆಯುವ ಹಿರಿಯರು, ಈಗಲೂ ನೆನೆಯುತ್ತಾರೆ.

ಸೀಳಿದ ತಂಬೂರಿಯನ್ನು ಏನು ಮಾಡುವುದು ಎಂದು ಸಭೆ ಕೂಡಿದೆವು. ಕ್ಯಾರಲ್ ಹಾಡಿ ಕೂಡಿಸಿದ ಹಣ ಇತ್ತು, ಅದನ್ನು ಹೊಸ ಸ್ಪೀಕರಿಗೆಂದು ಎತ್ತಿಟ್ಟಿದ್ದೆವು. ನಮ್ಮಲ್ಲಿ ಅರ್ಧ ಜನ "ಮೊಬೈಲಿನಲ್ಲೇ ತಂಬೂರಿ ಆ್ಯಪ್ ಇದೆ, ಇದಕ್ಕೇಕೆ ದುಡ್ಡು?" ಅಂದರು. ಉಳಿದರ್ಧ ಜನಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. ಫಾದರ್ ಮಾತ್ರ, "ಮೊದಲು ಅದನ್ನ ಮಾಡಿದ ಊರಿಗೆ ಹೋಗಿ ನೋಡಿ ಬರ್ರಿ, ಆಮ್ಯಾಲ ವೋಟ್ ಹಾಕ್ರಿ" ಅಂದರು.

ಖಡ್ಗ ಮಸೆಯುವವರ ಕೈಗೆ ತಂತಿವಾದ್ಯ

ಮಿರಜದಲ್ಲಿ ತಂತಿವಾದ್ಯ ಮಾಡುವವರ ಅಂಗಡಿಗಳೆಲ್ಲ ಹತ್ತಿರ ಹತ್ತಿರ ಇವೆ. ಬೋರ್ಡುಗಳ ಮೇಲೆ ಅಂಗಡಿ ಬೇರೆ ಬೇರೆಯಾದರೂ ಅಡ್ಡಹೆಸರು ಹೆಚ್ಚಾಗಿ ಒಂದೇ: ಸಿತಾರ್‌ಮೇಕರ್. ಕಸುಬೇ ಮನೆತನದ ಹೆಸರಾಗಿದೆ.

ಈ ಮನೆತನಗಳ ಮೂಲ ಕಸುಬು ಸಂಗೀತವಲ್ಲ. ಅವರು ಶಿಕಲಗಾರರು, ಅಂದರೆ ಖಡ್ಗ, ಭರ್ಚಿಗಳನ್ನು ಮಸೆದು ಹೊಳಪು ಕೊಡುವವರು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿಯಿತು. ಪಟವರ್ಧನರ ಮಿರಜ ಸಂಸ್ಥಾನ ಉಳಿಯಿತು, ಯುದ್ಧಗಳು ಉಳಿಯಲಿಲ್ಲ. ಖಡ್ಗಕ್ಕೆ ಗಿರಾಕಿ ಕಡಿಮೆಯಾದರು. ಅದೇ ಹೊತ್ತಿಗೆ ಸಂಸ್ಥಾನಗಳ ದರಬಾರಿಗೆ ಉತ್ತರದ ಗಾಯಕರು ಬರತೊಡಗಿದ್ದರು. ಅವರ ವಾದ್ಯಗಳು ದೂರದಿಂದ ಬಂದವು, ಕೆಟ್ಟರೆ ರಿಪೇರಿ ಮಾಡುವವರು ಇಲ್ಲಿರಲಿಲ್ಲ. 19ನೇ ಶತಮಾನದ ಮಧ್ಯಭಾಗದಲ್ಲಿ ಫರೀದ್‌ಸಾಹೇಬ ಎಂಬ ಶಿಕಲಗಾರರು ಆ ಕೆಲಸಕ್ಕೆ ಕೈಹಾಕಿದರು, ರಿಪೇರಿ ಮಾಡುತ್ತಲೇ ಹೊಸದನ್ನು ಕಟ್ಟುವುದನ್ನೂ ಕಲಿತರು. ಇಂದಿಗೂ ಗಲ್ಲಿಯವರು ತಮ್ಮ ಕಸುಬಿನ ಮೂಲಪುರುಷ ಎಂದು ನೆನೆಯುವುದು ಅವರನ್ನೇ. ಅಲ್ಲಿಂದ ಆರೇಳು ತಲೆಮಾರು ದಾಟಿದೆ.

ಇದನ್ನು ಕೇಳಿದಾಗ ನಮಗೆ ಆದಿಕಾಂಡದ ನಾಲ್ಕನೇ ಅಧ್ಯಾಯ ನೆನಪಾಯಿತು. ಅಲ್ಲಿ ಲೆಮೆಕನ ಇಬ್ಬರು ಮಕ್ಕಳು ಬರುತ್ತಾರೆ. ಯೂಬಾಲ ತಂತಿವಾದ್ಯ, ಕೊಳಲು ನುಡಿಸುವವರಿಗೆಲ್ಲ ಮೂಲಪುರುಷ. ಅವನ ಮಲತಾಯಿಯ ಮಗ ತೂಬಲ್‌ಕಾಯಿನ ಕಂಚು, ಕಬ್ಬಿಣದ ಆಯುಧ ಮಾಡುವವ. ಆ ಎರಡು ಕಸುಬನ್ನು ಬೈಬಲ್ ಒಂದೇ ಮನೆಯಲ್ಲಿ ಇಟ್ಟದ್ದು ಏಕೆಂದು ನಾವು ಯಾವತ್ತೂ ಯೋಚಿಸಿರಲಿಲ್ಲ. ಮಿರಜದಲ್ಲಿ ತೂಬಲ್‌ಕಾಯಿನನ ಕೈಯೇ ಯೂಬಾಲನ ಕೆಲಸ ಕಲಿತಿದೆ.

ಭೀಮೆಯ ದಂಡೆಯ ಬುರುಡೆ

ನಾವು ಹೋದ ಅಂಗಡಿಯಲ್ಲಿ ಒಬ್ಬ ಹಿರಿಯರು ಚಾಪೆಯ ಮೇಲೆ ಕೂತು ಒಂದು ಕುತ್ತಿಗೆಯ ಮರ ಕೆತ್ತುತ್ತಿದ್ದರು. ನಾವು ಮರಾಠಿಯಲ್ಲಿ ಶುರು ಮಾಡಿದೆವು. ನಮ್ಮ ನಮ್ಮೊಳಗಿನ ಮಾತು ಕೇಳಿ ಅವರೇ ಕನ್ನಡಕ್ಕೆ ಬಂದರು. ಚಾಚಾ ಎಂದು ಕರೆದೆವು. ಅವರು ಕೌದಿ ಬಿಚ್ಚಿ, ಬುರುಡೆಯನ್ನು ಬೆರಳಿನಿಂದ ತಟ್ಟಿ, ಕಿವಿ ಹತ್ತಿರ ತಂದು, ಮತ್ತೆ ತಟ್ಟಿದರು. ನಮ್ಮ ಊರಿನ ಡಾಕ್ಟರು ಬೆನ್ನು ತಟ್ಟಿ ನೋಡುವ ಹಾಗೆಯೇ.

"ಬುರುಡಿ ಸೀಳಿದ್ದು ದೊಡ್ಡ ಮಾತಲ್ಲ ತಮ್ಮಾ. ಇಷ್ಟ ವರ್ಷ ಯಾರೂ ಮುಟ್ಟದ ಇಟ್ಟೀರಲ್ಲ, ಅದು ದೊಡ್ಡ ಮಾತು."

ನಮ್ಮಲ್ಲಿ ಯಾರೂ ಏನೂ ಅನ್ನಲಿಲ್ಲ.

ತಂಬೂರಿಯ ಬುರುಡೆ ಒಂದು ಕಹಿ ಸೋರೆಕಾಯಿ. ಮಿರಜಕ್ಕೆ ಅದು ಬರುವುದು ಪಂಢರಪುರ, ಮಂಗಳವೇಢೆಯ ಕಡೆಯಿಂದ, ಭೀಮಾ ನದಿಯ ಬಯಲಿನಿಂದ. ಅಂದರೆ ನಮ್ಮ ಜತ್ತದ ನೆರೆಯ ಸೀಮೆಯಿಂದಲೇ! ತಿನ್ನುವ ಕಾಯಿಯಂತೆ ಇದನ್ನು ಎಳೆಯದಿರುವಾಗ ಕೀಳುವುದಿಲ್ಲ. ಬಲಿತು ಒಣಗಿ ಸಿಪ್ಪೆ ಗಟ್ಟಿಯಾಗಬೇಕು. ಒಳ್ಳೆಯ ಆಕಾರದ ಬುರುಡೆ ಆರಿಸಿ, ಬಾಯಿ ಕೊಯ್ದು, ನೀರಿನಲ್ಲಿ ನೆನೆಹಾಕಿ, ಒಳಗಿನ ಬೀಜ ತಿರುಳು ತೆಗೆಯುತ್ತಾರೆ. ಮೆತ್ತಗಾದಾಗ ಒಳಗೆ ಕಡ್ಡಿಗಳನ್ನು ಆನಿಸಿ ಬೇಕಾದ ಆಕಾರಕ್ಕೆ ಹಿಗ್ಗಿಸಿ, ಮತ್ತೆ ಒಣಗಿಸುತ್ತಾರೆ. ಅದಕ್ಕೆ ತೂನ್ ಮರದ ಕುತ್ತಿಗೆ, ಉದ್ದನೆಯ ಟೊಳ್ಳು ದಂಡಿ, ಬುರುಡೆಯ ಬಾಯಿಗೆ ಮುಚ್ಚಳದಂತೆ ತೆಳ್ಳನೆಯ ಮರದ ತಬಲಿ. ಮೇಲೆ ಅರಗಿನ ಹೊಳಪು. ಅಂಚಿಗೆ ಬಳ್ಳಿ, ಹೂವಿನ ಕೆತ್ತನೆ. ಕೊನೆಗೆ ನಾಲ್ಕು ತಂತಿ, ನಾಲ್ಕು ಬಿರಡೆ, ಸಣ್ಣ ಶ್ರುತಿಗೆ ನಾಲ್ಕು ಮಣಿ.

ಎರಡು ಬುರುಡೆ ಒಂದೇ ತರಹ ಇರುವುದಿಲ್ಲ. ಆದ್ದರಿಂದ ಎರಡು ತಂಬೂರಿಯೂ ಒಂದೇ ಆಗುವುದಿಲ್ಲ. ಅಳತೆಪಟ್ಟಿ ಇದೆ, ಆದರೆ ಕೊನೆಯ ಮಾತು ಕಿವಿಯದು.

'ಜವಾರಿ' ಅಂದರೆ ಏನು?

ಚಾಚಾ "ಇದರ ಜವಾರಿ ಹೋಗೇತಿ" ಅಂದಾಗ ನಾವೆಲ್ಲ ನಕ್ಕೆವು. ನಮ್ಮ ಕಡೆ ಜವಾರಿ ಅಂದರೆ ನಾಟಿ ತಳಿ: ಜವಾರಿ ಕೋಳಿ, ಜವಾರಿ ಬದನೆಕಾಯಿ. ವಾದ್ಯದವರ ಜವಾರಿ ಬೇರೆ. ತಂತಿ ಹಾದುಹೋಗುವ ಕುದುರೆ, ಅಂದರೆ ಸೇತುವೆ, ಗಿಟಾರಿನಲ್ಲಿರುವಂತೆ ಚೂಪಾಗಿರುವುದಿಲ್ಲ. ಅಗಲವಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರಿನಲ್ಲಿರುತ್ತದೆ. ಆ ಇಳಿಜಾರನ್ನು ಅರದಿಂದ ಉಜ್ಜಿ ಉಜ್ಜಿ ತರುವುದೇ ಜವಾರಿ ತೆಗೆಯುವುದು. ಅದರ ಮೇಲೆ, ತಂತಿಯ ಕೆಳಗೆ, ಒಂದು ಹತ್ತಿಯ ನೂಲು ಇಡುತ್ತಾರೆ. ಆ ನೂಲಿನ ಹೆಸರು 'ಜೀವ'. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸತ್ತ ತಂತಿ ಒಮ್ಮೆಲೇ ಝೇಂಕರಿಸುತ್ತದೆ. ಚಾಚಾ ಪಕ್ಕದ ತಂಬೂರಿಯಲ್ಲಿ ಇದನ್ನು ಮಾಡಿ ತೋರಿಸಿದಾಗ ನಮ್ಮ ಗುಂಪಿನ ಒಬ್ಬಳು "ಇನ್ನೊಮ್ಮೆ ಚಾಚಾ, ಇನ್ನೊಮ್ಮೆ" ಎಂದು ಐದು ಸಲ ಮಾಡಿಸಿದಳು.

ಬಿ.ಎಸ್ಸಿ. ಓದಿದ ನಮಗೆ ಇದು ಬರೀ ಮಾಯೆಯಾಗಿ ಉಳಿಯಬಾರದಲ್ಲ. ಪುಸ್ತಕದಲ್ಲಿ ಓದಿದ್ದೇವೆ: ತಂತಿಯನ್ನು ನಟ್ಟನಡುವೆ ಮೀಟಿದರೆ, ಆ ಜಾಗದಲ್ಲಿ ಅಲುಗಾಡದೆ ನಿಲ್ಲುವ ಹಾರ್ಮೋನಿಕ್‌ಗಳು, ಅಂದರೆ ಎರಡನೆಯದು, ನಾಲ್ಕನೆಯದು, ಹುಟ್ಟಬಾರದು. ಸರ್ ಸಿ.ವಿ. ರಾಮನ್ 1921ರಲ್ಲಿ ನಮ್ಮ ತಂತಿವಾದ್ಯಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ತಂಬೂರಿ ಮತ್ತು ವೀಣೆ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂದು ತೋರಿಸಿದರು. ಹುಟ್ಟಬಾರದ ಹಾರ್ಮೋನಿಕ್‌ಗಳು ಅಲ್ಲಿ ಜೋರಾಗಿಯೇ ಕೇಳುತ್ತವೆ. ಕಾರಣ ಆ ಅಗಲ ಕುದುರೆ. ತಂತಿ ಪ್ರತಿ ಕಂಪನದಲ್ಲೂ ಅದರ ಬಾಗಿದ ಮೈಯನ್ನು ತಾಗಿ ಬಿಡುತ್ತದೆ, ಆ ತಾಗುವಿಕೆಯೇ ಮತ್ತೆ ಮತ್ತೆ ಹೊಸ ಹಾರ್ಮೋನಿಕ್‌ಗಳನ್ನು ಎಬ್ಬಿಸುತ್ತದೆ. ರಾಮನ್ ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ, ಬೆಳಕಿನ ಮೇಲಿನ ಕೆಲಸಕ್ಕೆ. ಅದಕ್ಕೂ ಮೊದಲು ಅವರು ತಂಬೂರಿಯ ಮುಂದೆ ಕಿವಿಗೊಟ್ಟು ಕೂತಿದ್ದರು ಎಂಬುದನ್ನು ಕಾಲೇಜಿನಲ್ಲಿ ನಮಗೆ ಯಾರೂ ಹೇಳಲಿಲ್ಲ.

ಇನ್ನೊಂದು ಸೋಜಿಗ. ತಂಬೂರಿಯ ತಂತಿಗಳನ್ನು ಸಾಮಾನ್ಯವಾಗಿ ಪಂಚಮ, ಷಡ್ಜಗಳಿಗೆ ಮಾತ್ರ ಶ್ರುತಿ ಮಾಡುತ್ತಾರೆ. ಗಾಂಧಾರಕ್ಕೆ ಯಾವ ತಂತಿಯೂ ಇಲ್ಲ. ಆದರೂ ಸರಿಯಾಗಿ ಶ್ರುತಿಯಾದಾಗ ಗಾಂಧಾರ ಕೇಳುತ್ತದೆ. ಷಡ್ಜದ ಐದನೆಯ ಹಾರ್ಮೋನಿಕ್ ಅದು. ಷಡ್ಜ 240 ಹರ್ಟ್ಸ್ ಇದ್ದರೆ, ಅದರ 5/4 ಪಟ್ಟು, ಅಂದರೆ 300 ಹರ್ಟ್ಸ್, ಈ ಶುದ್ಧ ಗಾಂಧಾರದ ಲೆಕ್ಕ. ನಮ್ಮ ಕೀಬೋರ್ಡಿನಲ್ಲಿ ಅದೇ ಸ್ವರ ಸುಮಾರು 302.4. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಮೂರು ಸಲ ಧ್ವನಿ ಏರಿ ಇಳಿಯುತ್ತದೆ. ನಮ್ಮ ಗಾಯನ ವೃಂದದಲ್ಲಿ ಅಜ್ಜಿಯಂಥ ಹಿರಿಯರು "ಪೆಟ್ಟಿಗಿ ಜೋಡಿ ಹಾಡಾಕ ಆಗೂದಿಲ್ಲ" ಅನ್ನುತ್ತಿದ್ದುದು ಹಟವಲ್ಲ, ಅವರ ಕಿವಿ ಸರಿಯಾಗಿಯೇ ಇತ್ತು.

ಈ 2.4ರ ಜಗಳಕ್ಕೂ ಇದೇ ಸೀಮೆಯಲ್ಲಿ ನೂರು ವರ್ಷದ ಇತಿಹಾಸವಿದೆ. ಹಾರ್ಮೋನಿಯಂಗೆ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೈನ್ 1842ರಲ್ಲಿ ಪೇಟೆಂಟ್ ಪಡೆದ. ಭಾರತಕ್ಕೆ ಬಂದ ಮೇಲೆ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದನ್ನು ಕೈಯಿಂದ ತಿದಿ ಒತ್ತುವಂತೆ ಮಾಡಿ ನೆಲದ ಮೇಲೆ ಕೂರುವ ನಮ್ಮ ಜನಕ್ಕೆ ಒಗ್ಗಿಸಿದರು. ಆದರೆ ಅದರ ಸ್ವರಗಳು ಗಾಯಕರ ಸ್ವರಕ್ಕೆ ಕೂಡುವುದಿಲ್ಲ ಎಂಬ ದೂರು ಇದ್ದೇ ಇತ್ತು. ಸಾಂಗ್ಲಿಯ ಕೆ.ಬಿ. ದೇವಲ್ ಎಂಬ ನಿವೃತ್ತ ಅಧಿಕಾರಿ ತಂತಿಯ ಉದ್ದ ಅಳೆದು 22 ಶ್ರುತಿಗಳ ಲೆಕ್ಕ ಹಾಕಿ 1910ರಲ್ಲಿ ಪುಸ್ತಕ ಬರೆದರು. ಅವರೂ ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಅವರೂ ಸೇರಿ ಶ್ರುತಿ ಹಾರ್ಮೋನಿಯಂ ಒಂದನ್ನು ಮಾಡಿಸಿದರು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಅದರ ಮೇಲೆ ದೊಡ್ಡ ಚರ್ಚೆ ನಡೆಯಿತು, ವಾದ್ಯ ಮಾತ್ರ ಬಳಕೆಗೆ ಬರಲಿಲ್ಲ. ಮುಂದೆ 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನೇ ದೂರ ಇಟ್ಟಿತ್ತು.

ಖಾನ್‌ಸಾಹೇಬರ ಊರು, ನಮ್ಮ ಹಾಡುಗಾರರ ತವರು

ದೇವಲರ ಪ್ರಯೋಗಗಳಿಗೆ ತಮ್ಮ ಕಂಠ ಕೊಟ್ಟವರು ಉಸ್ತಾದ್ ಅಬ್ದುಲ್ ಕರೀಂ ಖಾನ್. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿದ ಅವರು ಕೊನೆಗೆ ಮನೆ ಮಾಡಿದ್ದು ಮಿರಜದಲ್ಲಿ. ಇಲ್ಲಿನ ಮೀರಾಸಾಹೇಬ ದರ್ಗಾದ ಎದುರು ಹಾಡಿ ಅವರ ಕಾಯಿಲೆ ವಾಸಿಯಾಯಿತು ಎಂದು ಊರವರು ಹೇಳುತ್ತಾರೆ. 1937ರಲ್ಲಿ ಚೆನ್ನೈ ಹತ್ತಿರದ ಸಿಂಗಪೆರುಮಾಳ್ ಕೋಯಿಲ್ ಎಂಬ ರೈಲು ನಿಲ್ದಾಣದಲ್ಲಿ ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು ಮಿರಜಕ್ಕೆ ತಂದು ಆ ದರ್ಗಾದ ಆವರಣದಲ್ಲೇ ಮಣ್ಣು ಮಾಡಿದರು. ಇಂದಿಗೂ ಉರುಸಿನ ವೇಳೆ ಅಲ್ಲಿ ದೊಡ್ಡ ದೊಡ್ಡ ಗಾಯಕರು ಬಂದು ಹಾಡುತ್ತಾರೆ.

ಖಾನ್‌ಸಾಹೇಬರ ಕಥೆಯಲ್ಲಿ ಕನ್ನಡದ ಪಾಲು ಸಣ್ಣದಲ್ಲ. ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಒಂದೇ ರೈಲು ಹಳಿ ಜೋಡಿಸಿತ್ತು. ಖಾನ್‌ಸಾಹೇಬರು ಮೈಸೂರು ದರಬಾರಿಗೆ ಹೋಗಿಬರುವಾಗ ಧಾರವಾಡ, ಹುಬ್ಬಳ್ಳಿಯ ಕಡೆ ತಂಗುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಆ ಸವಾಯಿ ಗಂಧರ್ವರ ಶಿಷ್ಯರು. ಇನ್ನೊಂದು ಕಡೆ, ಬಾಳಕೃಷ್ಣಬುವಾ ಇಚಲಕರಂಜಿಕರ್ ಬಳಿ ಇದೇ ಮಿರಜದಲ್ಲಿ ಕಲಿತ ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಸಂಗೀತ ದರಬಾರು ಬಿಟ್ಟು ಶಾಲೆಗೆ, ಮನೆಗೆ ಬಂದ ಮೇಲೆ ತಂಬೂರಿಯೂ ಮನೆಮನೆಗೆ ಬೇಕಾಯಿತು. ಗಲ್ಲಿ ಬೆಳೆದದ್ದು ಹಾಗೆ.

ಹಾಡುವವರ ಹೆಸರು ನಮಗೆ ಗೊತ್ತು. ಅವರ ಬೆನ್ನ ಹಿಂದೆ ಎರಡು ತಂಬೂರಿ ಇರುವ ಫೋಟೋ ಎಷ್ಟು ಸಲ ನೋಡಿದ್ದೇವೆ! ಆ ತಂಬೂರಿ ಮಾಡಿದವರು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ. ಬೈಬಲಿನ 150ನೇ ಕೀರ್ತನೆಯಲ್ಲೂ ಕೊಂಬು, ತಂತಿವಾದ್ಯ, ಕೊಳಲು, ತಾಳಗಳೆಲ್ಲ ಸಾಲಾಗಿ ಬರುತ್ತವೆ. ಓದುವಾಗ ನುಡಿಸುವವರು ಕಣ್ಣಿಗೆ ಬರುತ್ತಾರೆ, ಮಾಡಿದವರು ಬರುವುದಿಲ್ಲ.

ಮಗ ಕೂರುತ್ತಾನೆಯೇ?

2024ರಲ್ಲಿ ಮಿರಜದ ಸಿತಾರ್‌ಗೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೇರೆ ಊರಿನಲ್ಲಿ ಮಾಡಿದ ವಾದ್ಯವನ್ನು ಮಿರಜದ್ದೆಂದು ಮಾರುವುದಕ್ಕೆ ಇನ್ನು ಕಾನೂನಿನ ತಡೆ ಇದೆ. ಅಭಿನಂದನೆ ಹೇಳಿದೆವು. ಚಾಚಾ ಸಂತೋಷಪಟ್ಟರು. ಆಮೇಲೆ ಕೆತ್ತುವುದನ್ನು ನಿಲ್ಲಿಸದೆ ಹೇಳಿದರು: "ಹೆಸರು ಉಳೀತು. ಇನ್ನ ಕೈ ಉಳೀಬೇಕು."

ಈ ಕೆಲಸ ಕಲಿಯಲು ವರ್ಷಗಳು ಬೇಕು. ದಿನವಿಡೀ ನೆಲದ ಮೇಲೆ ಕೂರಬೇಕು, ಮರದ ಹೊಟ್ಟು ಕುಡಿಯಬೇಕು. ವಾದ್ಯ ಮಾರಾಟವಾದಾಗಲೇ ದುಡ್ಡು. ಅವರ ಮನೆಯ ಹುಡುಗರೂ ನಮ್ಮಂತೆಯೇ ಡಿಗ್ರಿ ಓದಿದವರು, ಪುಣೆಯಲ್ಲಿ ಕೆಲಸ ಹುಡುಕುವವರು. ಅವರನ್ನು ತಪ್ಪೆನ್ನಲು ನಮಗೆ ಬಾಯಿಲ್ಲ. ನಮ್ಮ ಅಪ್ಪಂದಿರ ಕಸುಬಿಗೆ ನಾವು ಎಷ್ಟು ಜನ ಕೂತಿದ್ದೇವೆ? ಆ್ಯಪಿನ ತಂಬೂರಿಯನ್ನೂ ಚಾಚಾ ಬೈಯಲಿಲ್ಲ. "ಪ್ರವಾಸದಾಗ ಅದು ಛಲೋ. ಆದರ ಅದರ ಮುಂದ ಕುಂತ ನೀವು ಶ್ರುತಿ ಮಾಡೂದು ಕಲಿಯಂಗಿಲ್ಲ. ಕಿವಿ ತಯಾರಾಗೂದಿಲ್ಲ" ಅಂದರು, ಅಷ್ಟೇ.

ಸಭೆಯಲ್ಲಿ ನಮಗೆ ಹೊಳೆಯದಿದ್ದ ಉತ್ತರ ಅದೇ ಇರಬೇಕು. ಆ್ಯಪ್ ನಮಗೆ ಶ್ರುತಿ ಕೊಡುತ್ತದೆ. ತಂಬೂರಿ ನಮ್ಮಿಂದ ಶ್ರುತಿ ಕೇಳುತ್ತದೆ. ನಾವು ಗಮನವಿಟ್ಟು ಕೇಳಿಸಿಕೊಳ್ಳದಿದ್ದರೆ ಅದು ನುಡಿಯುವುದೇ ಇಲ್ಲ.

ಅಂಗಡಿಯ ಮೆಟ್ಟಿಲ ಮೇಲೆ, ಚಹಾ ಕುಡಿಯುತ್ತ, ಅಲ್ಲೇ ವೋಟ್ ಹಾಕಿದೆವು. ಆರಕ್ಕೆ ಆರೂ ರಿಪೇರಿಯ ಕಡೆಗೆ. ಸ್ಪೀಕರ್ ಮುಂದಿನ ಕ್ರಿಸ್ಮಸ್ಸಿಗೆ ನೋಡೋಣ ಎಂದಾಯಿತು. ರೋಗಿಯನ್ನು ಅಲ್ಲೇ ಅಡ್ಮಿಟ್ ಮಾಡಿ ಸಂಜೆ ಬಸ್ಸಿಗೆ ಊರಿಗೆ ಬಂದೆವು.

ಇನ್ನೂ ಇಳದೈತಿ

ಮೂರು ವಾರದ ಮೇಲೆ ತಂಬೂರಿ ಮನೆಗೆ ಬಂತು. ಸೀಳು ಮುಚ್ಚಿದೆ, ಆದರೆ ಗೆರೆ ಕಾಣುತ್ತದೆ. ಅಳಿಸಬೇಡಿ ಎಂದು ನಾವೇ ಹೇಳಿದ್ದೆವು, ನೆನಪಿಗಿರಲಿ ಎಂದು. ಚಾಚಾನ ಬಳಿ ಐದು ಸಲ ಜೀವ ಸರಿಸಲು ಹೇಳಿದ ಹುಡುಗಿ ಈಗ ವಾರಕ್ಕೊಮ್ಮೆ ಶ್ರುತಿ ಮಾಡುವುದನ್ನು ಕಲಿಯುತ್ತಿದ್ದಾಳೆ.

ಮೊದಲ ಶುಕ್ರವಾರದ ಸಂಜೆಯ ಆರಾಧನೆಯಲ್ಲಿ ಕೀಬೋರ್ಡ್ ಆರಿಸಿ ಒಂದೇ ಒಂದು ಭಜನೆಯನ್ನು ತಂಬೂರಿಯ ಜೊತೆ ಹಾಡಿದೆವು. ಅಜ್ಜಿಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದೆವು. ಮುಗಿದ ಮೇಲೆ ಅವರು ಎದ್ದು ಬಂದು ಬುರುಡೆಯ ಮೇಲೆ ಕೈಯಾಡಿಸಿದರು. ಆ ಗೆರೆಯ ಮೇಲೂ ಬೆರಳು ಎಳೆದರು. ಅಳುತ್ತಾರೇನೋ ಎಂದು ನಾವು ಕಾದೆವು.

"ಪಂಚಮ ಇನ್ನೂ ಸ್ವಲ್ಪ ಇಳದೈತಿ, ಯವ್ವಾ," ಅಂದರು. "ನಾಳೆ ಮನಿಗಿ ತಗೊಂಡ ಬಾ. ಅವರು ಹೆಂಗ ಹಚ್ಚತಿದ್ರು, ತೋರಸ್ತೇನಿ."

ಗೆಳೆಯರೇ, ನಿಮ್ಮ ಧರ್ಮಕೇಂದ್ರದ ಅಟ್ಟದ ಮೇಲೆ ಏನಿದೆ? ಹಳೆಯ ಹಾರ್ಮೋನಿಯಂ, ಒಡೆದ ತಬಲಾ, ತಂತಿಯಿಲ್ಲದ ಪಿಟೀಲು? ಈ ಭಾನುವಾರ ಪೂಜೆ ಮುಗಿದ ಮೇಲೆ ಏಣಿ ಹಾಕಿ ನೋಡಿರಿ. ಅದನ್ನು ನುಡಿಸಿದವರು ಇನ್ನೂ ನಿಮ್ಮೂರಲ್ಲಿ ಇದ್ದರೆ ಮೊದಲು ಅವರ ಮನೆಗೆ ಹೋಗಿರಿ, ರಿಪೇರಿ ಆಮೇಲೆ.